ಅಂಗೈಯಲ್ಲಿದ್ದುದರ ಹೆಸರು

"ಮೀನು ತಿನ್ನದವರು ಮೆದುಳಿಗೆ ಬೇಕಾದ ಕೊಬ್ಬಿಗೆ ದಿನಾ ಇದನ್ನ ತಿನ್ನಿ. ಇದು..." ಹಿರಿಯರ ಸಭೆಯ ಮುಂದೆ ಅಂಗೈ ಚಾಚಿದ್ದ ಅರವತ್ತೆರಡರ ಆಹಾರತಜ್ಞೆಯ ಮಾತು ಅಲ್ಲೇ ನಿಂತಿತು. ಮೂವತ್ತು ವರ್ಷ ಹೇಳಿಕೊಂಡು ಬಂದ ಹೆಸರು ನಾಲಿಗೆಗೆ ಬರಲೇ ಇಲ್ಲ. ಕೈಯಲ್ಲಿದ್ದ ಗಟ್ಟಿ ಚಿಪ್ಪಿನ ಕಾಯಿ ಬೆವರಿನಿಂದ ಒದ್ದೆಯಾಯಿತು.

"ಅಕ್ರೋಟು!" ಎಂದು ಸಭೆ ಒಟ್ಟಾಗಿ ಕೂಗಿತು. "ಮೇಡಂ ನಮಗೇ ಪರೀಕ್ಷೆ ಇಟ್ಟುಬಿಟ್ರು!" ಎಂದು ಯಾರೋ ನಕ್ಕರು. ಚಪ್ಪಾಳೆ ಬಿತ್ತು. ಆಕೆಯೂ ಹಾಗೇ ನಕ್ಕು ಮುಂದುವರಿದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೊದಲ ಸಾಲಿನಲ್ಲಿದ್ದ ತಂಗಿ ಮಾತ್ರ ನಗಲಿಲ್ಲ.

ಆಕೆ ವೇದಿಕೆ ಇಳಿದು ಬಂದು ತಂಗಿಯ ಕೈ ಹಿಡಿದಳು. "ಪರೀಕ್ಷೆ ಅಲ್ಲ ಕಣೇ. ಈ ವಾರ ಹೀಗಾಗಿದ್ದು ಮೂರನೇ ಸಲ. ನಂಗೆ ಭಯ ಆಗ್ತಿದೆ. ನಾಳೆ ಡಾಕ್ಟರ್ ಹತ್ರ ಜೊತೆಗೆ ಬರ್ತೀಯಾ?"

"ನಾಳೆ ಯಾಕಕ್ಕಾ?" ಎನ್ನುತ್ತಾ ತಂಗಿ ಎದ್ದು ನಿಂತಳು.