ಬೆನ್ನು ತಿಕ್ಕುವ ಹೊತ್ತು

ತೊಮೊಯೆ ಕನ್ನಡಕ ಕಳಚಿ ಬಟ್ಟೆಬುಟ್ಟಿಯಲ್ಲಿಟ್ಟಳು. ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ. ಹೋಟೆಲಿನಲ್ಲಿ ಹೆಂಗಸರೆಲ್ಲ ಒಟ್ಟಿಗೆ ಮೀಯುವ ಬಿಸಿನೀರ ಕೊಳದ ಗಾಜಿನ ಬಾಗಿಲು ಸರಿಸಿದ ಕೂಡಲೇ ಆವಿ ಮುಖಕ್ಕೆ ರಾಚಿತು.

"ಅಜ್ಜಿ ಆಗ್ಲೇ ಟವೆಲ್ ಹಿಡ್ಕೊಂಡು ಕೆಳಗೆ ಹೋದ್ರು," ಎಂದು ಹೇಳಿ ಮಗಳು ನಾಗಿ ಅಪ್ಪನ ಜೊತೆ ಟೇಬಲ್ ಟೆನಿಸ್ ಆಡಲು ಓಡಿದ್ದಳು. ಇಂಥ ಹೊತ್ತು ಮತ್ತೆ ಸಿಗುವುದಿಲ್ಲ ಎಂದುಕೊಂಡು ತೊಮೊಯೆ ಇಳಿದು ಬಂದಿದ್ದಳು.

ಬೆಳಿಗ್ಗೆ ಬಸ್ಸಿನಲ್ಲಿ ಅತ್ತೆ ಶಿಗೆನೊ ಗೆಲುವಾಗಿಯೇ ಇದ್ದರು. "ಹಾಸಿಗೆ ನಾವೇ ಹಾಸ್ಕೋಬೇಕಂತೆ, ಊಟ ನಾವೇ ಬಡಿಸ್ಕೋಬೇಕಂತೆ. ಅಗ್ಗದ ಹೋಟ್ಲು ಅಂದ್ರೆ ಮನೇನೇ ಬಸ್ಸಲ್ಲಿ ಹೊತ್ಕೊಂಡು ಬಂದ ಹಾಗೆ ಕಣೋ!" ಎಂದು ಮಗನನ್ನು ಛೇಡಿಸಿದರು. ಕಿತ್ತಳೆ ಸುಲಿಯುತ್ತ ಅದೇ ದನಿಯಲ್ಲಿ ಇನ್ನೊಂದು ಮಾತನ್ನೂ ಆಡಿದರು: "ಮುಂದಿನ ವಾರ ಬೌದ್ಧ ಗುಡಿಗೆ ಹೋಗಿ ಸಹಿ ಹಾಕಿ ಬರ್ತೀನಿ. ಸತ್ತ ಮೇಲೆ ಬೂದಿ ಹೂಳೋಕೆ ಮರದಡಿ ಒಂದು ಜಾಗ, ನನಗೊಬ್ಬಳಿಗೇ. ಸಾಯೋವಾಗಲೂ ನನ್ನ ನೆನೆಸ್ಕೊಳ್ದೆ ಹೋದ ಮನುಷ್ಯನ ಪಕ್ಕ ನನ್ನ ಬೂದಿ ಯಾಕೆ?"

ಮಗ ಕಿಟಕಿಯಾಚೆಯ ಕಡಲು ನೋಡಿದ. ಸೊಸೆ ಬಾಯಿಗಿಡಲಿದ್ದ ಕಿತ್ತಳೆಯ ತೊಳೆಯನ್ನು ಮತ್ತೆ ಸಿಪ್ಪೆಯೊಳಗೆ ಇಟ್ಟಳು.

ಯಾಕೆಂದರೆ ಮಾವ ನೆನೆಸಿಕೊಂಡಿದ್ದರು. ಆರು ವರ್ಷದಿಂದ ಅದು ಗೊತ್ತಿದ್ದವಳು ತೊಮೊಯೆ ಒಬ್ಬಳೇ.

ಕೊನೆಯ ನಲ್ಲಿಯ ಮುಂದೆ ಗಿಡ್ಡ ಮಣೆಯ ಮೇಲೆ ಮಸುಕಾದ ಒಂದು ಆಕೃತಿ ಕುಳಿತಿತ್ತು. ಬಿಳಿಯ ಮೋಟುಗೂದಲು, ಬಾಗಿದ ಬೆನ್ನು, ತಲೆಯ ಮೇಲೆ ಹೋಟೆಲಿನ ಟವೆಲು. ಸಂಜೆಯ ಊಟಕ್ಕೆ ಇನ್ನೂ ಎರಡು ಗಂಟೆ ಇತ್ತು. ಬೇರೆ ಯಾರೂ ಇರಲಿಲ್ಲ. ಹದಿನೆಂಟು ವರ್ಷ ಒಂದೇ ಸೂರಿನಡಿ ಬಾಳಿದರೂ ತೊಮೊಯೆ ಅತ್ತೆಯ ಬೆನ್ನು ಕಂಡವಳಲ್ಲ. ಹೀಗೆ ಜೊತೆಯಾಗಿ ಹೊರಟಿದ್ದು ಇದೇ ಮೊದಲು.

ಹಿಂದೆ ಮಂಡಿಯೂರಿ ಕುಳಿತಳು. "ಬೆನ್ನು ತಿಕ್ಕಲಾ?"

ಮುದುಕಿ ಬೆಚ್ಚಿದಂತೆ ಹೆಗಲು ಎತ್ತಿದಳು.

"ತಿರುಗಬೇಡಿ ಅತ್ತೆ. ಮುಖ ನೋಡಿದ್ರೆ ನನಗೆ ಬಾಯೇ ಬರಲ್ಲ. ಒಂದು ಮಾತು ಹೇಳೋದಿದೆ."

ಎತ್ತಿದ ಹೆಗಲು ಮೆಲ್ಲಗೆ ಇಳಿಯಿತು. ಮುದುಕಿ ನಲ್ಲಿಯನ್ನು ನಿಲ್ಲಿಸಲಿಲ್ಲ. ನೀರಿನ ಭೋರಿಗೆ, ಟೈಲ್ಸಿನ ಗೋಡೆಗಳ ಮಾರ್ದನಿಗೆ, ಅಲ್ಲಿ ಆಡಿದ ಮಾತೆಲ್ಲ ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತಿತ್ತು.

"ಹೇಳು."

ತೊಮೊಯೆ ಸೋಪು ಹಚ್ಚುತ್ತ ಹೇಳಿದಳು. "ಮಾವ ಹೋದ ಹಿಂದಿನ ಸಂಜೆ ಆಸ್ಪತ್ರೆಯಿಂದ ಫೋನ್ ಬಂದಿತ್ತು. ನರ್ಸ್ ಅಲ್ಲ, ಅವರೇ ಮಾತಾಡಿದ್ರು. 'ಶಿಗೆನೊನ ಕರ್ಕೊಂಡು ಬಾ, ಈಗಲೇ' ಅಂದ್ರು. ನೀವು ಮೂರು ರಾತ್ರಿ ಕೂತು ಆಗಷ್ಟೇ ಕಣ್ಣು ಮುಚ್ಚಿದ್ರಿ. ಬೆಳಿಗ್ಗೆ ಕರ್ಕೊಂಡು ಬರ್ತೀನಿ ಅಂದೆ. 'ಸರಿ, ಮಲಗಲಿ ಬಿಡು' ಅಂದ್ರು. ಬೆಳಗಾಗೋದ್ರೊಳಗೆ..."

ಕೈ ನಿಂತಿತು. ಸೋಪಿನ ನೊರೆ ಬೆನ್ನಗುಂಟ ಇಳಿಯಿತು.

"ನಿದ್ದೆ ಕೆಡಿಸಬಾರ್ದು ಅಂತ ಅಷ್ಟೇನಾ?" ಮುದುಕಿ ಕೇಳಿದಳು.

ಈ ಪ್ರಶ್ನೆಯನ್ನು ತೊಮೊಯೆ ಎದುರು ನೋಡಿರಲಿಲ್ಲ. ಆರು ವರ್ಷ ತನಗೆ ತಾನೇ ಕೇಳಿಕೊಳ್ಳದೆ ತಪ್ಪಿಸಿಕೊಂಡಿದ್ದ ಪ್ರಶ್ನೆ ಅದು.

"ಅಷ್ಟೇ ಅಲ್ಲ. ನನಗೂ ಸಾಕಾಗಿತ್ತು. ಮತ್ತೆ ಎದ್ದು, ಬಟ್ಟೆ ಹಾಕಿಸಿ, ಬಸ್ಸು ಹಿಡಿದು... ನನ್ನಿಂದ ಆಗ್ಲಿಲ್ಲ. ಆಮೇಲೆ ಹೇಳೋಕೂ ಹೆದರಿಕೆ. ನೀವು ಅವರನ್ನ ಬೈದಾಗಲೆಲ್ಲ ಆ ಬೈಗುಳ ನನ್ನದು ಅನ್ನಿಸ್ತಿತ್ತು."

ಮುದುಕಿ ಬಿಸಿನೀರನ್ನು ಬೊಗಸೆಯಲ್ಲಿ ಹಿಡಿದು ಮಂಡಿಗೆ ಸುರಿದುಕೊಂಡಳು.

"ಮುದುಕಿಯರಿಗೆ ಸಿಟ್ಟು ಬರುತ್ತೆ," ಎಂದಳು. "ಕಿರುಚಾಡ್ತಾರೆ. ಎರಡು ದಿನ ಊಟ ಬಿಡ್ತಾರೆ. ಆಮೇಲೆ ಸಿಟ್ಟು ಇಳಿಯುತ್ತೆ. ಗಂಡ ಕರೆದಿದ್ದ ಅನ್ನೋದು ಮಾತ್ರ ಉಳ್ಕೊಳ್ಳುತ್ತೆ. ಅದು ಸಣ್ಣದಲ್ಲ ಮಗಳೇ."

ಮಗಳೇ! ಅತ್ತೆಯ ಬಾಯಲ್ಲಿ ಆ ಮಾತನ್ನು ಅವಳು ಎಂದೂ ಕೇಳಿರಲಿಲ್ಲ. ತೊಮೊಯೆ ಆ ಒದ್ದೆ ಬೆನ್ನಿಗೆ ಹಣೆ ಹಚ್ಚಿ ಅತ್ತಳು.

"ಇನ್ನೂ ಸ್ವಲ್ಪ ಮೇಲೆ ತಿಕ್ಕು. ಹಾಂ, ಅಲ್ಲೇ. ಯಾರಾದ್ರೂ ತಿಕ್ಕಿ ಎಷ್ಟು ವರ್ಷ ಆಯ್ತೋ." ನೀರು ಹೊಯ್ದು ಮುಗಿದ ಮೇಲೆ ಮುದುಕಿ ತಲೆ ತಗ್ಗಿಸಿಯೇ ಅಂದಳು, "ಮತ್ತೆ ಹೇಳೋ ಸಂದರ್ಭ ಬಂದ್ರೆ ಹೀಗೇ ಹೇಳು. ಸಾಕಾಗಿತ್ತು ಅಂದ್ಯಲ್ಲ, ಅದನ್ನ ನುಂಗ್ಬೇಡ. ಈಗ ಹೋಗು. ನಾನು ಒಬ್ಬಳೇ ಸ್ವಲ್ಪ ಹೊತ್ತು ಕೂತಿರ್ತೀನಿ."

ಗಂಡನಿಗೂ ಹೇಳು ಎನ್ನುತ್ತಿದ್ದಾರೆ ಎಂದು ತೊಮೊಯೆಗೆ ಅನ್ನಿಸಿತು. ಹೇಳುತ್ತೇನೆ ಎಂದುಕೊಂಡಳು. ಈಗ ಯಾರಿಗೆ ಬೇಕಾದರೂ ಹೇಳಬಲ್ಲಳು. ಮೈ ಒರೆಸಿ, ಹೋಟೆಲಿನ ನಿಲುವಂಗಿ ಸುತ್ತಿ, ಕನ್ನಡಕ ಏರಿಸಿ ಪರದೆ ಸರಿಸಿ ಹೊರಬಂದಳು. ಆರು ವರ್ಷದಲ್ಲಿ ಅವಳ ಕಾಲು ಅಷ್ಟು ಹಗುರವಾಗಿ ನೆಲ ಮುಟ್ಟಿರಲಿಲ್ಲ.

ಹಜಾರದಲ್ಲಿದ್ದ, ಮೈ ಒತ್ತುವ ಯಂತ್ರದ ಕುರ್ಚಿಯಲ್ಲಿ ಯಾರೋ ಆಕಳಿಸಿ ಕಣ್ಣು ಬಿಟ್ಟರು. ಮಡಿಕೆ ಬಿಚ್ಚದ ಟವೆಲು ಮಡಿಲಲ್ಲಿತ್ತು. ಕೂದಲು ಒಣಗಿಯೇ ಇತ್ತು.

"ಬಂದ್ಯಾ ತೊಮೊಯೆ? ಈ ಹಾಳು ಕುರ್ಚಿ ಜೋಗುಳ ಹಾಡಿ ಮಲಗಿಸ್ಬಿಡ್ತು ನೋಡು," ಎಂದು ನಗುತ್ತ ಅತ್ತೆ ಶಿಗೆನೊ ಕೈ ಚಾಚಿದರು. "ಎಬ್ಬಿಸು, ನಾನಿನ್ನೂ ಒಳಗೇ ಹೋಗಿಲ್ಲ."