ಹುಳು ಹಣ್ಣಾದ ದಿನ

"ಏಳು ಕೂಸೇ, ಉಳ ಅಣ್ಣಾಗ್ಬುಟ್ಟೊ! ಬಾ, ಕೈ ಆಕು ಬಾ!"

ಗೋವಿಂದಮ್ಮನ ಕೂಗಿಗೆ ಎದ್ದವಳೇ ಅರ್ಪಿತ ಹಿತ್ತಿಲಿನ ಹುಳುಮನೆಗೆ ಓಡಿದಳು. ಓಡಿದವಳು ಹೊಸಿಲ ಈಚೆಗೇ ನಿಂತುಬಿಟ್ಟಳು. ಒಳಗೆ ರೇಷ್ಮೆ ಹುಳುಗಳು ಸೊಪ್ಪು ತಿನ್ನುವುದನ್ನು ಬಿಟ್ಟು, ಮೈಯೆಲ್ಲ ಜೇನಿನ ಬಣ್ಣಕ್ಕೆ ತಿರುಗಿ, ಗೂಡು ಕಟ್ಟಲು ಜಾಗ ಹುಡುಕುತ್ತ ತಲೆಯಾಡಿಸುತ್ತಿದ್ದವು. ಬಿಸಿಲಿನ ಧಗೆಗೆ ಒಂದು ದಿನ ಮೊದಲೇ ಹಣ್ಣಾಗಿದ್ದವು. ಒಂದೊಂದನ್ನೇ ಆರಿಸಿ, ಗೂಡು ಕಟ್ಟಲೆಂದೇ ಹೆಣೆದ ಬಿದಿರಿನ ತಟ್ಟಿಗೆ, ಚಂದ್ರಿಕೆಗೆ, ಬಿಡಬೇಕು. ತಡವಾದರೆ ನೂಲೆಲ್ಲ ಸೊಪ್ಪಿನ ಕಡ್ಡಿಗೆ ಸುತ್ತಿ ಹಾಳು. ಗೋವಿಂದಮ್ಮ, ಅವಳ ಮಗ ಕೃಷ್ಣ, ಎದುರು ಮನೆಯ ಮಾದಮ್ಮ, ಅವಳ ಇಬ್ಬರು ಸೊಸೆಯರು ಆಗಲೇ ಬಗ್ಗಿದ್ದರು.

ನಾಲ್ಕು ತಿಂಗಳಿಂದ ಬೆನ್ನಿಗೊಂದು ಚೀಲ ಏರಿಸಿಕೊಂಡು ಊರೂರು ತಿರುಗುತ್ತಿದ್ದ ಅರ್ಪಿತಳಿಗೆ ಹೆಮ್ಮರಗಾಲದ ಈ ಮನೆ ಹನ್ನೊಂದನೆಯದು. ತಿರುಗಾಡುವವರನ್ನು ಬಾಡಿಗೆಯಿಲ್ಲದೆ ಮನೆಯಲ್ಲಿರಿಸಿಕೊಳ್ಳುವವರ ಜಾಲತಾಣವೊಂದರಲ್ಲಿ ಕೃಷ್ಣ ತನ್ನ ಹೆಸರು ಹಾಕಿದ್ದ. ಹೋದಲ್ಲೆಲ್ಲ ಅವಳದು ಒಂದೇ ವ್ರತ: ಯಾರಿಗೂ ಭಾರವಾಗಬಾರದು. ಕೊಟ್ಟದ್ದನ್ನು ಉಣ್ಣಬೇಕು, ತಟ್ಟೆ ತೊಳೆದಿಡಬೇಕು, ಕೇಳಿದರೆ ಮಾತ್ರ ಮಾತಾಡಬೇಕು. ಸೊಳ್ಳೆ ಕಚ್ಚಿದರೆ ಅದನ್ನೂ ಬಾಯಿಬಿಟ್ಟು ಹೇಳಬಾರದು.

ಹೇಳಿರಲಿಲ್ಲ. ಬಂದ ದಿನವೇ ಕೃಷ್ಣ, "ಸೊಳ್ಳೆ ಬತ್ತಿ ಅಚ್ಚಂಗಿಲ್ಲ ಕಣ್ರೀ, ಉಳ ಸತ್ತೋಯ್ತವೆ," ಎಂದಿದ್ದ. ಬೇಡ ಅಂದದ್ದು ಬತ್ತಿ ತಾನೇ ಎಂದುಕೊಂಡು ಎರಡನೆಯ ರಾತ್ರಿ ಚೀಲದಿಂದ ಸೊಳ್ಳೆ ಕ್ರೀಮು ತೆಗೆದು ಕೈಗೆ, ಕಾಲಿಗೆ, ಕುತ್ತಿಗೆಗೆ ಬಳಿದುಕೊಂಡು ನೆಮ್ಮದಿಯಾಗಿ ನಿದ್ದೆ ಮಾಡಿದ್ದಳು. ಈಗ ಹೊಸಿಲಲ್ಲಿ ಆ ವಾಸನೆ ಅವಳ ಮೂಗಿಗೇ ಬಡಿಯಿತು. ಸೊಳ್ಳೆಯನ್ನು ಓಡಿಸುವುದು ಈ ಹುಳುವನ್ನು ಬಿಟ್ಟೀತೇ?

"ನಾನು ಒಳಗೆ ಬರಲ್ಲ ಅಮ್ಮ."

"ಯಾಕವ್ವ? ಅವು ಕಚ್ಚಕಿಲ್ಲ."

"ಬೇಡ. ನಾನು ಮುಟ್ಟಲ್ಲ."

ಮಾದಮ್ಮ ಕತ್ತೆತ್ತಿದಳು. "ಬುಡು ಗೋವಿಂದಿ. ಉಳ ಮುಟ್ಟಕೆ ಅಸಯ್ಯವೋ, ನಮ್ಮನ್ನ ಮುಟ್ಟಕೆ ಅಸಯ್ಯವೋ, ಯಾರ್ ಕಂಡರು? ನಮ್ ಬೀದಿಗೆ ಬಂದು ಫೋಟ ಇಡ್ಕಂಡು ಓದೋರ್ನ ಎಷ್ಟ್ ಜನ್ವ ನೋಡಿಲ್ಲ!"

"ಸುಮ್ಕಿರೇ. ಎರಡ್ ದಿನದಿಂದ ನಮ್ಮನೆ ಅನ್ನ ಉಂಡವ್ಳೆ," ಎಂದಳು ಗೋವಿಂದಮ್ಮ. ಆದರೆ ಆ ದನಿ ಕೂಸೇ ಎಂದು ಕೂಗಿದ ದನಿಯಾಗಿರಲಿಲ್ಲ. ಕೃಷ್ಣ ನೆಲ ನೋಡುತ್ತಿದ್ದ. ಗೋಡೆಯ ಕ್ಯಾಲೆಂಡರಿನ ಬುದ್ಧ ಎಂದಿನಂತೆ ಕಣ್ಣು ಮುಚ್ಚಿಕೊಂಡಿದ್ದ.

ಡೈರಿಯಲ್ಲಾದರೆ ಅರ್ಪಿತ ಇದನ್ನು ಮೂರು ಪುಟ ಬರೆದಿರುತ್ತಿದ್ದಳು. ಬಾಯಿಬಿಟ್ಟು ಹೇಳಲು ಆ ವ್ರತ ಅಡ್ಡ ಬಂತು. ಮಾದಮ್ಮನ ಸೊಸೆಯೊಬ್ಬಳು ಕಿಸಕ್ಕನೆ ನಕ್ಕಳು. ಅಷ್ಟೇ.

"ಮೈಗೆ ಸೊಳ್ಳೆ ಕ್ರೀಮು ಹಚ್ಚಿದ್ದೀನಿ!" ಬೀದಿಗೆ ಕೇಳುವಷ್ಟು ಜೋರಾಗಿ ಕೂಗಿಯೇಬಿಟ್ಟಳು. "ನಾನು ಮುಟ್ಟಿದ್ರೆ ಎಲ್ಲಾ ಸತ್ತುಹೋಗ್ತವೆ! ನಿಮ್ಮನ್ನ ಒಂದು ಮಾತು ಕೇಳಲಿಲ್ಲ. ತಪ್ಪಾಯ್ತು."

ಎಲ್ಲರ ಕೈಗಳೂ ನಿಂತವು. ಮೊದಲು ಬಾಯಿ ಬಿಟ್ಟವಳು ಮಾದಮ್ಮನೇ. "ಅಯ್, ನಿನ್ ಮನೆ ಕಾಯ್ವೋಗ! ಸೊಳ್ಳೆ ಕಚ್ತವೆ ಅಂತ ಏಳಕೆ ನಾಲ್ಗೆ ಇರ್ನಿಲ್ವ?"

"ಸೊಳ್ಳೆ ಪರದೆ ಅಟ್ಟದ ಮ್ಯಾಲೆ ಸುಮ್ನೆ ಬಿದ್ದದೆ ಕಣವ್ವ!" ಎಂದು ಗೋವಿಂದಮ್ಮ ಹಣೆ ಚಚ್ಚಿಕೊಂಡು, ಅವಳನ್ನು ದರದರ ಬಚ್ಚಲಿಗೆ ಎಳೆದೊಯ್ದಳು. ಸೀಗೆಪುಡಿ ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿದಳು. ಮೂರು ಸಲ ತಿಕ್ಕಿದಳು.

"ಉರಿಯುತ್ತೆ ಅಮ್ಮ."

"ಉರೀಲಿ. ಒಂದ್ ಮಾತ್ ಏಳಕೆ ಅಷ್ಟೊತ್ತು ಮಾಡ್ದಲ್ಲ, ಅದ್ಕೆ."

ಒಗೆದ ಹಳೇ ನೈಟಿ ತೊಡಿಸಿ ಕರೆತಂದಾಗ ಮಾದಮ್ಮ ಬಾಗಿಲಿಗೆ ಅಡ್ಡ ನಿಂತು ಅವಳ ಎರಡೂ ಅಂಗೈ ಹಿಡಿದು ಮೂಸಿದಳು. ಮೊಣಕೈವರೆಗೂ ಮೂಸಿದಳು. "ಊಂ. ಈಗ ಮನ್ಸರ ವಾಸ್ನೆ ಬತ್ತಾ ಅದೆ. ಬಾ ಒಳೀಕೆ."

ಕೈಗೆ ಬಂದ ಮೊದಲ ಹುಳು ತಣ್ಣಗೆ, ಎಳೆಗೂಸಿನ ಕಿವಿಯ ಹಾಲೆಯಷ್ಟು ಮೆತ್ತಗಿತ್ತು. ಅರ್ಪಿತ ಅದನ್ನು ಚಂದ್ರಿಕೆಗೆ ಬಿಡಲು ಎಷ್ಟು ಹೊತ್ತು ತೆಗೆದುಕೊಂಡಳೆಂದರೆ, ಅಷ್ಟರಲ್ಲಿ ಸೊಸೆಯರು ಇಪ್ಪತ್ತು ಬಿಟ್ಟಿದ್ದರು. "ಪೂಜೆ ಮಾಡ್ತಾವ್ಳೆ," ಎಂದರು ಅವರು. ಎಲ್ಲರ ಜೊತೆ ಅವಳೂ ನಕ್ಕಳು. ಹತ್ತು ಗಂಟೆಗೆ ಕೈ ಪಳಗಿತು. ಮಧ್ಯಾಹ್ನದ ಊಟವನ್ನೂ ಅಲ್ಲೇ ಬಾಗಿಲಲ್ಲಿ ಕೂತು ಮಾಡಿದರು. ಕಡೆಯ ಚಂದ್ರಿಕೆ ತುಂಬುವ ಹೊತ್ತಿಗೆ ಮೂರು ಗಂಟೆ. ಅರ್ಪಿತ ತನ್ನ ಬಟ್ಟೆ ಉಟ್ಟು, ಚೀಲ ಕಟ್ಟಲು ಒಳಗೆ ಹೋದಳು. ನರಸೀಪುರದ ಬಸ್ಸು ಹಿಡಿದು ಸಂಜೆಗೆ ತಲಕಾಡಿನಲ್ಲಿರಬೇಕು. ಅಲ್ಲಿ ಹನ್ನೆರಡನೇ ಮನೆ.

ಹೊರಗೆ ಮಾದಮ್ಮ ಸೊಂಟ ಹಿಡಿದುಕೊಂಡು ಎದ್ದಳು. "ನಾಳಿದ್ದು ನಮ್ಮವೂ ಅಣ್ಣಾಯ್ತವೆ ಗೋವಿಂದಿ. ಮುಯ್ಯಿ ತೀರ್ಸಕೆ ಬತ್ತೀರಿ ತಾನೆ?"

ಆ ಬೀದಿಯಲ್ಲಿ ಹುಳು ಆರಿಸುವುದಕ್ಕೆ ಕೂಲಿಯಿಲ್ಲ. ಇವತ್ತು ಒಂದು ಮನೆಯಿಂದ ಎಷ್ಟು ಜನ ಬಂದು ದುಡಿದರೋ, ಅವರ ಮನೆಯ ಸರದಿಗೆ ಅಷ್ಟು ಜನ ಹೋಗಿ ದುಡಿಯಬೇಕು.

"ಅದೇನ್ ಕೇಳ್ತೀಯ, ಬತ್ತೀವಿ."

"ನಾವು ಬಂದುದ್ದು ಮೂರಾಳು. ನಿಮ್ಮನೇಲಿ ಇರಾದೇ ಇಬ್ರು."

ಗೋವಿಂದಮ್ಮ ಕೈ ಕೊಡವಿಕೊಳ್ಳುತ್ತಿದ್ದಳು. ಯಾರನ್ನೂ ಕೇಳಲಿಲ್ಲ, ಒಳಮನೆಯ ಕಡೆ ತಿರುಗಿ ಕೂಡ ನೋಡಲಿಲ್ಲ.

"ಯಾರೇ ಏಳ್ದೋರು ಇಬ್ರು ಅಂತ? ಮೂರು ಜನವೂ ಬತ್ತೀವಿ."

ಒಳಗೆ, ಚೀಲದ ಜಿಪ್ಪು ಅರ್ಧಕ್ಕೇ ನಿಂತಿತು.