ಸೋಮವಾರದ ಹೃದಯ

ಡಾಕ್ಟರ ಮೇಜಿನ ಮೇಲಿನ ಎರಡು ಬಟ್ಟಲುಗಳಲ್ಲಿ ದಾನಮ್ಮನ ಹೃದಯದ ಎರಡು ಪ್ರತಿಗಳು ಬಡಿದುಕೊಳ್ಳುತ್ತಿದ್ದವು. ವಿಜಯಪುರದಲ್ಲಿ ಸೈಕಲ್ ರೇಸಿಗೆ ಹೆಸರು ಕೊಟ್ಟವರೆಲ್ಲ ಹೀಗೆ ಪ್ರತಿ ಮಾಡಿಸಲೇಬೇಕಿತ್ತು. ಅವಳ ತಾಯಿ ನೀಲವ್ವ ಸಂತೆಯಲ್ಲಿ ಹಣ್ಣು ಆರಿಸುವವಳಂತೆ ಎರಡನ್ನೂ ಅಂಗೈಯಲ್ಲಿಟ್ಟು ನೋಡಿದಳು. ಸೋಮವಾರ ಎಕೋ ಸ್ಕ್ಯಾನ್ ತೆಗೆದು ಮಾಡಿದ್ದು ಚಿಕ್ಕದು, ಗೋಡೆ ದಪ್ಪ. ಮಂಗಳವಾರ ಎಂಆರ್‌ಐ ತೆಗೆದು ಮಾಡಿದ್ದು ದೊಡ್ಡದು, ಮೈತುಂಬಿಕೊಂಡಿತ್ತು.

"ಗ್ವಾಡಿ ಇಷ್ಟ ದಪ್ಪ ಇದ್ರ ರೇಸಿಗೆ ಬಿಡಾಕ ಬರೂದಿಲ್ಲವ್ವ," ಎಂದರು ಡಾಕ್ಟರ್ ಬಿರಾದಾರ. "ಯಾವ ಮಷಿನ್ ಖರೆ ಅಂತ ತಿಳೀವಲ್ದು."

ದಾನಮ್ಮ ತಲೆ ತಗ್ಗಿಸಿದಳು. ನೀಲವ್ವ ಚಿಕ್ಕದನ್ನು ಮೆಲ್ಲಗೆ ಒತ್ತಿ ನೋಡಿ ನಕ್ಕಳು.

"ಎರಡೂ ಖರೇನ ಅದಾವ್ರಿ. ಶ್ರಾವಣ ಸೋಮವಾರ ಇಕಿ ಹನಿ ನೀರೂ ಮುಟ್ಟಂಗಿಲ್ಲ. ಇದು ಉಪಾಸ ಇದ್ದು, ನೀರಿಲ್ದ ಕುಗ್ಗಿ ದಪ್ಪಾದ ಎದಿ ರೀ."

ಡಾಕ್ಟರು ದಾನಮ್ಮನಿಗೆ ಹೊಟ್ಟೆತುಂಬ ಉಣಿಸಿ, ಎರಡು ತಂಬಿಗೆ ನೀರು ಕುಡಿಸಿ, ಮತ್ತೆ ಎಕೋ ತೆಗೆದರು. ಈ ಸಲ ಬಂದ ಪ್ರತಿ ಹೆಚ್ಚುಕಡಿಮೆ ದೊಡ್ಡದರ ಜೋಡಿಯಂತೆಯೇ ಇತ್ತು. ಅವರು ನಗುತ್ತ ರೇಸಿನ ಚೀಟಿಗೆ ಸಹಿ ಹಾಕಿ, ಚಿಕ್ಕದನ್ನು ಎಸೆಯಲು ಎತ್ತಿಕೊಂಡರು.

ನೀಲವ್ವ ಅದನ್ನು ಇಸಿದುಕೊಂಡು ಸೆರಗಿನಲ್ಲಿ ಕಟ್ಟಿಕೊಂಡಳು.

"ಇದು ನನ್ನ ಕಡೆ ಇರ್ಲಿ ಬಿಡ್ರಿ. ನನ್ನ ಮೊಳಕಾಲ ಬ್ಯಾನಿ ಹೋಗ್ಲಿ ಅಂತ ಉಪಾಸ ಇದ್ದದ್ದು ಇದ."